ಆಕಾಶಯಾತ್ರಿಕರ ಸಂಚಿ

ಪ್ರಯಾಣಕ್ಕೆ ಹೊರಟವನ ಸ್ವಭಾವವನ್ನು ಅರಿಯಬೇಕಾದರೆ ಅವನ ಮುಖವನ್ನು ನೋಡುವುದಕ್ಕಿಂತ ಅವನ ಗಂಟನ್ನು ಬಿಚ್ಚಿ ನೋಡುವುದೇ ಒಳ್ಳೆಯ ಉಪಾಯ. ಎರಡು ದಿನದ ಮದುವೆಗೆ ತಿಂಗಳಿಗಾಗುವಷ್ಟು ಬಟ್ಟೆ ತುಂಬಿಕೊಳ್ಳುವವರಿದ್ದಾರೆ; ಹಲ್ಲುಜ್ಜುವ ಬ್ರಷ್ಷನ್ನೂ ಮರೆತು ಬಂದು ಅತಿಥೇಯರಿಗೆ ಪೇಚು ತರುವವರೂ ಇದ್ದಾರೆ. ಬಸ್ಸಿನಲ್ಲಿ, ರೈಲಿನಲ್ಲಿ ಇದೆಲ್ಲ ನಗೆಯ ಮಾತು. ಭಾರ ಹೆಚ್ಚಾದರೆ ಕೂಲಿ ಹೆಚ್ಚಾದೀತು. ಏನಾದರೂ ಮರೆತರೆ ಮುಂದಿನ ಊರಿನ ಅಂಗಡಿಯಲ್ಲಿ ಸಿಕ್ಕೀತು. ಆದರೆ ನೆಲವನ್ನು ಬಿಟ್ಟು ಮೇಲಕ್ಕೇರುವವನಿಗೆ ಈ ಎರಡು ಸೌಕರ್ಯಗಳೂ ಇಲ್ಲ. ಅಲ್ಲಿ ಅಂಗಡಿಯಿಲ್ಲ, ಹೆಚ್ಚಿನ ಭಾರವನ್ನು ಹೊರುವ ಕೂಲಿಯವನೂ ಇಲ್ಲ. ಏನನ್ನು ಒಯ್ಯಬೇಕು ಎಂಬ ಪ್ರಶ್ನೆಯಷ್ಟೇ ಏನನ್ನು ಬಿಟ್ಟು ಹೋಗಬೇಕು ಎಂಬ ಪ್ರಶ್ನೆಯೂ ಅವನಿಗೆ ಪ್ರಾಣದ ಪ್ರಶ್ನೆ.

1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಎಂಬ ತರುಣ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ, ಎಲ್ಲಿಯೂ ನಿಲ್ಲದೆ, ಮೂವತ್ತಮೂರೂವರೆ ಗಂಟೆಗಳ ಕಾಲ ಹಾರಿದ. ಒಂದೇ ಎಂಜಿನ್ನಿನ ಸಣ್ಣ ವಿಮಾನ. ಕುಳಿತುಕೊಳ್ಳಲು ಹಗುರವಾದ ಬೆತ್ತದ ಕುರ್ಚಿ. ಭಾರವೆಂದು ರೇಡಿಯೋ ಯಂತ್ರವನ್ನು ಬಿಟ್ಟ, ಪ್ಯಾರಾಚೂಟನ್ನೂ ಬಿಟ್ಟ. ನಕಾಶೆಗಳ ಅಂಚುಗಳನ್ನು ಕೂಡ ಕತ್ತರಿಸಿ ಎಸೆದ. ಇಷ್ಟೆಲ್ಲ ಬಿಟ್ಟವನು ಒಯ್ದದ್ದೇನು? ಎರಡು ಬ್ಯಾಟರಿ ದೀಪ, ಒಂದು ಉಂಡೆ ದಾರ, ಒಂದು ಉಂಡೆ ಹುರಿ, ಒಂದು ಚಾಕು, ಒಂದು ದೊಡ್ಡ ಸೂಜಿ, ಬೆಂಕಿಕಡ್ಡಿ, ಲೋಹ ಕೊಯ್ಯುವ ಗರಗಸದ ಒಂದು ಅಲಗು, ಗಾಳಿ ತುಂಬುವ ತೆಪ್ಪ, ಅದರ ಪಂಪು, ನೀರು, ಸ್ವಲ್ಪ ಆಹಾರ. ಸಾಗರವನ್ನು ದಾಟುವ ವೀರನ ಚೀಲದಲ್ಲಿ ಸೂಜಿದಾರವೇಕೆ ಎಂದು ಯಾರೂ ನಗಬೇಕಾಗಿಲ್ಲ. ಆ ಕಾಲದ ವಿಮಾನದ ರೆಕ್ಕೆಗೆ ಹೊದಿಕೆಯಾಗಿ ಇದ್ದದ್ದು ಬಟ್ಟೆ. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ತಯಾರಾಗಿ 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ 'ಪುಷ್ಪಕ್' ಎಂಬ ಎರಡಾಸನದ ಪುಟ್ಟ ವಿಮಾನಕ್ಕೂ ಬಟ್ಟೆಯ ಹೊದಿಕೆಯೇ ಇದ್ದಿತು. ಹೆಸರು ಪುರಾಣದ್ದಾದರೂ ಹರಿದರೆ ಹೊಲಿಯಬೇಕಾದದ್ದು ಮನುಷ್ಯರೇ.

ಅಬುಕಿರ್‌ನ ಪ್ಲಗ್ಗುಗಳು

ಭಾರತೀಯರ ವಿಮಾನಯಾನದ ಚರಿತ್ರೆಯಲ್ಲಿ ಇಂಥ ಸಂಚಿಯೊಂದರ ಕಥೆ ಬಹಳ ಸೊಗಸಾಗಿದೆ. 1930ರಲ್ಲಿ, ಇಂಗ್ಲೆಂಡು ಮತ್ತು ಹಿಂದೂಸ್ತಾನಗಳ ನಡುವೆ ಒಬ್ಬನೇ ಹಾರಿದ ಮೊದಲ ಭಾರತೀಯನಿಗೆ ಆಗಾಖಾನರು ಐನೂರು ಪೌಂಡುಗಳ ಬಹುಮಾನವನ್ನು ಇಟ್ಟಿದ್ದರು. ಕರಾಚಿಯಿಂದ ಪಶ್ಚಿಮಕ್ಕೆ ಹೊರಟವರು ಜೆ. ಆರ್. ಡಿ. ಟಾಟಾ; ಅತ್ತ ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟವನು ಹದಿನೇಳು ವರ್ಷದ ಹುಡುಗ ಆಸ್ಪಿ ಎಂಜಿನಿಯರ್. ಇಬ್ಬರೂ ಈಜಿಪ್ಟಿನ ಅಬುಕಿರ್ ಎಂಬಲ್ಲಿ ಸಂಧಿಸಿದರು. ಹುಡುಗನ ವಿಮಾನ ನಿಂತುಬಿಟ್ಟಿತ್ತು. ಎಂಜಿನ್ನಿಗೆ ಬೇಕಾದ ಸ್ಪಾರ್ಕ್ ಪ್ಲಗ್ಗುಗಳು ಅವನಲ್ಲಿರಲಿಲ್ಲ. ಟಾಟಾ ಅವರ ಸಂಚಿಯಲ್ಲಿ ಹೆಚ್ಚಿನ ಪ್ಲಗ್ಗುಗಳಿದ್ದುವು, ತೆಗೆದು ಕೊಟ್ಟರು. ಹುಡುಗ ಹಾರಿದ, ಕೆಲವೇ ಗಂಟೆಗಳ ಅಂತರದಿಂದ ಬಹುಮಾನವನ್ನೂ ಗೆದ್ದ. ಸೋತವರು ಎರಡು ವರ್ಷಗಳ ತರುವಾಯ, 1932ರ ಅಕ್ಟೋಬರ್ 15ರಂದು, ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲವನ್ನು ಹಾರಿಸಿ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬ ಅವರ ಮಿತ್ರ ನಮ್ಮ ಬಳ್ಳಾರಿಯ ಮಾರ್ಗವಾಗಿ ಅದನ್ನು ಮದರಾಸಿಗೆ ಮುಟ್ಟಿಸಿದ. ಗೆದ್ದ ಹುಡುಗ ಮುಂದೆ ಭಾರತದ ವಾಯುಪಡೆಯ ಮುಖ್ಯಸ್ಥನಾದ. ಸಂಚಿಯಲ್ಲಿ ತನಗೆ ಬೇಕಾದುದಕ್ಕಿಂತ ನಾಲ್ಕು ಪ್ಲಗ್ಗು ಹೆಚ್ಚಿಗೆ ಇಟ್ಟುಕೊಂಡಾತನನ್ನು ಸೋತವನೆಂದು ಕರೆಯಲು ನನಗಂತೂ ಮನಸ್ಸು ಬಾರದು.

ಈ ಕಥೆಯನ್ನು ನನಗೆ ಮತ್ತೆ ನೆನಪಿಗೆ ತಂದವನು ನನ್ನ ಹಳೆಯ ಶಿಷ್ಯನೊಬ್ಬ. ಸಿದ್ದಾಪುರ ತಾಲ್ಲೂಕಿನ ಅಡಿಕೆ ತೋಟಿಗರ ಮಗ. ನನ್ನ ತರಗತಿಯಲ್ಲಿ ಹಳಗನ್ನಡವನ್ನು ಸಹನೆಯಿಂದ ಕೇಳಿಸಿಕೊಂಡು, ಆಮೇಲೆ ದೂರದ ಊರಿಗೆ ಹೋಗಿ ಸಣ್ಣ ವಿಮಾನ ಹಾರಿಸುವ ವಿದ್ಯೆಯನ್ನು ಕಲಿತವನು. ಕಳೆದ ಆಷಾಢದಲ್ಲಿ ರಜೆಗೆ ಊರಿಗೆ ಹೊರಟಾಗ, "ಮಳೆಗಾಲದ ಮಲೆನಾಡನ್ನು ನೀವು ಪುಸ್ತಕದಲ್ಲಿ ಮಾತ್ರ ನೋಡಿದ್ದೀರಿ, ಬನ್ನಿ ಸರ್" ಎಂದು ನನ್ನನ್ನೂ ಎಳೆದುಕೊಂಡು ಹೋದ. ಶಿರಸಿಯವರೆಗೆ ಬಸ್ಸು; ಅಲ್ಲಿಂದ ಮುಂದೆ ಅವನ ಮೋಟಾರುಸೈಕಲ್ಲು.

ಬಸ್ಸಿನಲ್ಲಿ ಅವನು ತನ್ನ ಸಂಚಿಯನ್ನು ಬಿಚ್ಚಿ ತೋರಿಸಿದ. ದಪ್ಪ ಬಟ್ಟೆಯನ್ನು ಮಡಿಸಿ, ಒಂದೊಂದು ಉಪಕರಣಕ್ಕೂ ಒಂದೊಂದು ಜೇಬು ಹೊಲಿಸಿ, ಸುರುಳಿ ಸುತ್ತುವಂತೆ ಮಾಡಿದ್ದಾನೆ. ಎರಡು ಬಗೆಯ ತಲೆಯುಳ್ಳ ಒಂದೇ ಸ್ಕ್ರೂಡ್ರೈವರು, ಕೆಲವೇ ಅಳತೆಯ ಪಾನಾಗಳು, ಪ್ಲಗ್ಗು ಬಿಚ್ಚುವ ಪಾನಾ, ಎರಡು ಪ್ಲಗ್ಗು, ಇಕ್ಕಳ, ತಿರುಪುಗಳು ಸಡಿಲವಾಗದಂತೆ ಬಿಗಿಯುವ ತೆಳುತಂತಿಯ ಸುರುಳಿ, ಅಂಟುಪಟ್ಟಿ, ಗಾಲಿಯ ಗಾಳಿಯನ್ನು ಅಳೆಯುವ ಮಾಪಕ, ಬ್ಯಾಟರಿ ದೀಪ, ಒರೆಸುವ ಅರಿವೆ, ಪೆಟ್ರೋಲಿನಲ್ಲಿ ನೀರು ಸೇರಿದೆಯೋ ಎಂದು ಹಿಡಿದು ನೋಡುವ ಪಾರದರ್ಶಕ ಬಟ್ಟಲು, ಬಯಲಿನಲ್ಲಿ ರಾತ್ರಿ ನಿಲ್ಲಿಸಬೇಕಾಗಿ ಬಂದರೆ ರೆಕ್ಕೆಗಳನ್ನು ನೆಲಕ್ಕೆ ಕಟ್ಟಲು ಹಗ್ಗ ಮತ್ತು ಗೂಟಗಳು. ಎಲ್ಲವೂ ಸೇರಿ ಒಂದು ಕೂಸಿನ ಭಾರವೂ ಇಲ್ಲ.

"ಇಷ್ಟೇ ಏಕೆ?" ಎಂದೆ.

"ಇಷ್ಟೇ ನನಗೆ ಬಳಸಲು ಬರುವುದು ಸರ್. ಬಳಸಲು ಬಾರದ ಉಪಕರಣ ಬರಿಯ ಕಬ್ಬಿಣ" ಎಂದ.

ಆಮೇಲೆ ಅವನು ವಿವರಿಸಿದ ನಿಯಮಗಳು ನಾಲ್ಕು. ಮೊದಲನೆಯದು ತೂಕ. ನಾಲ್ವರು ಕೂಡುವ ಸೆಸ್ನಾ ವಿಮಾನದಲ್ಲಿ ಹಿಂಬದಿಯ ಸಾಮಾನಿಗೆ ಇರುವ ಮಿತಿ ಸುಮಾರು 54 ಕಿಲೋ. ಬಟ್ಟೆಬರೆ, ನೀರು, ಹಗ್ಗ, ಪಾನಾ ಎಲ್ಲವೂ ಅದರೊಳಗೇ ಆಗಬೇಕು. ಎರಡನೆಯದು ಇಡುವ ಜಾಗ. ಭಾರವೆಲ್ಲ ಬಾಲದ ಕಡೆಗೆ ಸರಿದರೆ ಮೂತಿ ಮೇಲೆದ್ದು ವಿಮಾನ ಹತೋಟಿ ತಪ್ಪಬಹುದು. ಕಬ್ಬಿಣದ ವಸ್ತುವನ್ನು ದಿಕ್ಸೂಚಿಯ ಹತ್ತಿರ ಇಟ್ಟರೆ ಅದು ಸುಳ್ಳು ದಿಕ್ಕು ತೋರಿಸೀತು. ಮೂರನೆಯದು ಕಟ್ಟು. ಗಾಳಿಯ ಹೊಡೆತಕ್ಕೆ ವಿಮಾನ ಕುಪ್ಪಳಿಸಿದಾಗ ಕಟ್ಟದೆ ಬಿಟ್ಟ ಪಾನಾ ಬಾಣವಾಗುತ್ತದೆ. ನಾಲ್ಕನೆಯದು ಎಣಿಕೆ. ಕೆಲಸ ಮುಗಿದ ಮೇಲೆ ಪ್ರತಿಯೊಂದನ್ನೂ ಎಣಿಸಿ ಅದರದರ ಜೇಬಿಗೆ ಸೇರಿಸಬೇಕು. ಎಂಜಿನ್ನಿನ ಬಳಿ ಮರೆತುಬಿಟ್ಟ ಒಂದು ಇಕ್ಕಳ ಸಾಕು, ಯಂತ್ರವನ್ನೂ ಮನುಷ್ಯನನ್ನೂ ಕೆಡವಲು. ದೊಡ್ಡ ರಿಪೇರಿಗಳನ್ನು ಮಾಡಿ ಸಹಿ ಹಾಕುವ ಅಧಿಕಾರ ಪರವಾನಗಿ ಪಡೆದ ಎಂಜಿನಿಯರರಿಗೆ ಮಾತ್ರ. ಸಂಚಿಯ ಕೆಲಸ ಅವರವರೆಗೆ ಕ್ಷೇಮವಾಗಿ ಮುಟ್ಟಿಸುವುದು, ಅಥವಾ ಹಾರಬೇಡವೆಂದು ಸಮಯಕ್ಕೆ ಸರಿಯಾಗಿ ಹೇಳುವುದು.

ನಾನು ನಕ್ಕು, "ನಿಮ್ಮ ಮೂರು ತಾಲ್ಲೂಕಿನಲ್ಲಿ ಒಂದು ವಿಮಾನ ನಿಲ್ದಾಣವೂ ಇಲ್ಲ, ವಿಮಾನ ಹತ್ತಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು. ಈ ವಿದ್ಯೆ ನಿನಗೆ ಹೇಗೆ ಬಂತು?" ಎಂದು ಕೇಳಿದೆ. "ನಮ್ಮ ತೋಟದಲ್ಲಿ ಕಲಿತದ್ದು ಸರ್. ನಾಳೆ ತೋರಿಸುತ್ತೇನೆ" ಎಂದ.

ಶಿರಸಿಯ ಪೇಟೆ

ಆಷಾಢದ ಶಿರಸಿಯೆಂದರೆ ಕೊಡೆಗಳ ಊರು. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಜನಸಾಗರವನ್ನೇ ಕಾಣುವ ಮಾರಿಕಾಂಬೆಯ ಗುಡಿಯ ಮುಂದೆ ಅಂದು ಹತ್ತಾರು ಜನ ಮಾತ್ರ ನಿಂತಿದ್ದರು. ಅಘನಾಶಿನಿ ಹುಟ್ಟುವ ಶಂಕರಹೊಂಡ ಇರುವುದು ಈ ಊರಿನಲ್ಲಿಯೇ. ಇಲ್ಲಿಯ ಅಡಿಕೆಗೆ 2019ರಲ್ಲಿ 'ಶಿರಸಿ ಸುಪಾರಿ' ಎಂದೇ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೆ ಮಳೆಗಾಲದ ನಡುವೆ ಈ ಪೇಟೆಯ ನಿಜವಾದ ಆರಾಧ್ಯದೈವ ನೀಲಿ ಬಣ್ಣದ ಒಂದು ಹರಳು: ಮೈಲುತುತ್ತ. 1923ರಲ್ಲಿ ಸ್ಥಾಪಿತವಾದ ತೋಟಗಾರರ ಸಹಕಾರಿ ಮಾರಾಟ ಸಂಘದ ಸುತ್ತಮುತ್ತ ಓಡಾಡುವ ತೋಟಿಗರ ಬಾಯಲ್ಲಿ ಆ ವಾರ ಎರಡೇ ಮಾತು: ಮಳೆ ಯಾವಾಗ ಹೊಳವಾದೀತು, ಕೊನೆಗೌಡ ಯಾವಾಗ ಬಂದಾನು.

ಬಯಲುಸೀಮೆಯ ವಾಚಕರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಡೆಬಿಡದೆ ಸುರಿಯುವ ಮಳೆಯಲ್ಲಿ ಎಳೆಯ ಅಡಿಕೆಗೆ ಕೊಳೆರೋಗ ಬರುತ್ತದೆ. ಫೈಟಾಫ್ಥೊರಾ ಎಂಬ ಸೂಕ್ಷ್ಮಜೀವಿ ಇದರ ಮೂಲ. ಕಾಯಿಗಳು ಕೊಳೆತು ಉದುರಿ, ವರ್ಷದ ಅನ್ನ ಹದಿನೈದು ದಿನದಲ್ಲಿ ಮರದ ಬುಡದಲ್ಲಿ ಬಿದ್ದಿರುತ್ತದೆ. ಹಿಂದೆ ಒಂದೊಂದು ಕೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ 1885ರ ವೇಳೆಗೆ ಮಿಲಾರ್ಡೆ ಎಂಬ ವಿಜ್ಞಾನಿ ಬೆಳಕಿಗೆ ತಂದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಈ ಕೆಲಸವನ್ನು ಬದಲಿಸಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಆಳವಾಗಿ ಅಭ್ಯಸಿಸಿ 1910ರಲ್ಲಿ ಅದರ ಮೇಲೆ ಬರೆದರು. ಇಂದಿಗೂ ಮದ್ದು ಅದೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆಗಾಲದ ಆರಂಭದಲ್ಲಿ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಹೊಡೆಯಬೇಕು. ಹೊಡೆದ ಮದ್ದು ಕಾಯಿಯ ಮೇಲೆ ಒಣಗುವಷ್ಟು ಹೊತ್ತಾದರೂ ಮಳೆ ನಿಂತಿರಬೇಕು. ಮದ್ದು ನೆಲದ ಮೇಲಿದೆ; ಕೊನೆ ಅರವತ್ತು ಅಡಿ ಎತ್ತರದಲ್ಲಿದೆ. ಈ ಎರಡನ್ನೂ ಕೂಡಿಸುವವನೇ ಕೊನೆಗೌಡ. ಕೊನೆ ಇಳಿಸುವ ಕಸುಬಿನಿಂದ ಅವನಿಗೆ ಬಂದ ಹೆಸರು ಅದು.

ಸಿದ್ದಾಪುರದ ತೋಟದಲ್ಲಿ

ಸಿದ್ದಾಪುರ ತಾಲ್ಲೂಕೆಂದೊಡನೆ ಪ್ರವಾಸಿಗರಿಗೆ ನೆನಪಾಗುವುದು ಹೆಗ್ಗರಣೆಯ ಬಳಿಯ ಉಂಚಳ್ಳಿ ಜಲಪಾತ. ಅಘನಾಶಿನಿ ಅಲ್ಲಿ 116 ಮೀಟರು ಕೆಳಕ್ಕೆ ಧುಮುಕುತ್ತದೆ. ಅದರ ಆರ್ಭಟಕ್ಕೆ ಕಿವಿ ಕೆಪ್ಪಾಗುವುದೆಂದು ಜನ ಅದನ್ನು ಕೆಪ್ಪಜೋಗವೆನ್ನುತ್ತಾರೆ. ನಾವು ಹೋದ ಮನೆ ಆ ದಿಕ್ಕಿನ ಒಂದು ಕಣಿವೆಯಲ್ಲಿತ್ತು. ಎದುರಿಗೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. "ಬನ್ನಿ, ಬನ್ನಿ, ಆಸರಿಗೆ ಏನು ಕುಡಿಯುತ್ತೀರಿ?" ಎಂದು ಶಿಷ್ಯನ ತಾಯಿ ಕೇಳುತ್ತಿರುವಾಗಲೇ ತಂದೆಯವರು ಆಕಾಶವನ್ನು ನೋಡುತ್ತ ಅಂಗಳದಲ್ಲಿ ನಿಂತಿದ್ದರು. ಹನ್ನೊಂದು ದಿನಗಳ ಮೇಲೆ ಅಂದು ಮಳೆ ಹೊಳವಾಗಿತ್ತು. ಕೊನೆಗೌಡ ಬಂದಿದ್ದ.

ಐವತ್ತೈದರ ಆಸುಪಾಸಿನ ಕೃಶ ಮನುಷ್ಯ. ಅವನ ಸಂಚಿಯನ್ನು ನೋಡಬೇಕೆಂದು ನನ್ನ ಕುತೂಹಲ. ಆದರೆ ಸಂಚಿಯೆಂಬುದು ಅವನಿಗೆ ಪ್ರತ್ಯೇಕವಾಗಿ ಇರಲಿಲ್ಲ. ಅವನ ದೇಹವೇ ಸಂಚಿ. ಸೊಂಟಕ್ಕೆ ಬಿಗಿದ ಹಗ್ಗದ ಹಿಂಬದಿಯ ಕೊಕ್ಕೆಯಲ್ಲಿ ಕತ್ತಿ. ಕಾಲುಗಳಿಗೆ ಹಾಕುವ ತಳೆ. ಮೇಲೆ ಹೋದ ಬಳಿಕ ಮರಕ್ಕೆ ಸಿಕ್ಕಿಸಿ ಕುಳಿತುಕೊಳ್ಳುವ ಸಣ್ಣ ಹಲಗೆ, ಅದರ ಹಗ್ಗ. ಪಕ್ಕದ ಮರವನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಕೊಕ್ಕೆಯ ಕೋಲು. ಮದ್ದು ಚಿಮ್ಮುವ ನಳಿಗೆ. ಜೊತೆಗೆ ಮುಂಡಾಸಿನ ಮಡಿಕೆಯಲ್ಲಿ ಏನೋ ಒಂದು ಮಿಂಚಿತು. ಆಗ ಅದೇನೆಂದು ತಿಳಿಯಲಿಲ್ಲ.

ಅಂಗಳದ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಮದ್ದು ಕೂಡಿಸುತ್ತಿದ್ದರು. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸುರಿದು ಕಲಕಿ, ಬಟ್ಟೆಯಲ್ಲಿ ಸೋಸಿದ ಮೇಲೆ ಕೊನೆಗೌಡ ಕತ್ತಿಯನ್ನು ತೆಗೆದು ಅದರ ಹೊಳೆಯುವ ಅಲಗನ್ನು ಒಂದು ಕ್ಷಣ ಅದ್ದಿದ. ಮೇಲೆತ್ತಿ ನೋಡಿ, "ಕೆಂಪಿಲ್ಲ, ಹೆಗಡೇರೆ, ಅಡ್ಡಿಲ್ಲ" ಎಂದ. ಸುಣ್ಣ ಸಾಲದಿದ್ದರೆ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂಡುತ್ತದೆ. ಅಂಥ ಮದ್ದು ಎಳೆಯ ಕಾಯನ್ನು ಸುಡುತ್ತದೆ. ಕೊನೆ ಕೊಯ್ಯುವ ಕತ್ತಿಯೇ ರಸಾಯನಶಾಲೆಯ ಉಪಕರಣವೂ ಆದುದನ್ನು ಕಂಡು ನನ್ನ ಶಿಷ್ಯ ನನ್ನ ಕಡೆ ನೋಡಿ ನಕ್ಕ. ಒಂದು ವಸ್ತುವಿಗೆ ಎರಡು ಕೆಲಸ; ಸಣ್ಣ ಸಂಚಿಯ ದೊಡ್ಡ ಗುಟ್ಟು ಅದು.

ಕೊನೆಗೌಡ ತಳೆಯನ್ನು ಕಾಲಿಗೆ ಸಿಕ್ಕಿಸಿ, ಎರಡು ಅಂಗೈಗಳಿಂದ ಮರವನ್ನು ಅಪ್ಪಿ, ಮಡಚುತ್ತ ಚಾಚುತ್ತ ಏರಿಯೇಬಿಟ್ಟ. ಮಳೆಗಾಲದ ಅಡಿಕೆ ಮರದ ಮೈಯೆಲ್ಲ ಹಾವಸೆ, ಬರಿಗಾಲು ನಿಲ್ಲದು. ಮೇಲೆ ಹಲಗೆಯನ್ನು ಸಿಕ್ಕಿಸಿ ಕುಳಿತ. ಕೆಳಗೆ ಇಬ್ಬರು ಪಂಪಿನ ಹಿಡಿಯನ್ನು ಒತ್ತತೊಡಗಿದರು. ನೀಲಿ ಮಂಜು ಕೊನೆಯ ಸುತ್ತ ಹರಡಿತು. ಆಮೇಲೆ ನಡೆದುದನ್ನು ಬರೆಯುವಾಗಲೂ ನನ್ನ ಅಂಗೈ ಬೆವರುತ್ತದೆ. ಅವನು ಮರದಿಂದ ಇಳಿಯಲಿಲ್ಲ. ಕೊಕ್ಕೆಯನ್ನು ಚಾಚಿ ಮುಂದಿನ ಮರದ ತುದಿಯನ್ನು ಎಳೆದುಕೊಂಡ. ಎರಡು ಮರಗಳೂ ಬಿಲ್ಲಿನಂತೆ ಬಾಗಿದುವು. ಒಂದು ಕ್ಷಣ ಅವನು ಎರಡರಲ್ಲಿಯೂ ಇದ್ದ, ಮರುಕ್ಷಣ ಇದನ್ನು ಬಿಟ್ಟು ಅದರಲ್ಲಿದ್ದ. ಬಿಟ್ಟ ಮರ ಹಿಂದಕ್ಕೆ ಚಿಮ್ಮಿ ಮಳೆಹನಿಗಳನ್ನು ಸಿಡಿಸಿತು. ಹೀಗೆ ಮರದಿಂದ ಮರಕ್ಕೆ, ನೆಲವನ್ನು ಮುಟ್ಟದೆ, ತೋಟದ ಒಂದು ಪಂಕ್ತಿಯನ್ನೇ ದಾಟುತ್ತ ಹೋದ.

"ಸಣ್ಣ ವಿಮಾನಯಾನ ಎಂದರೆ ಇದೇ ಸರ್" ಎಂದ ಶಿಷ್ಯ.

ಏಳೆಂಟು ಮರಗಳಾಗಿರಬೇಕು, ಮೇಲಿನ ಮಂಜು ನಿಂತಿತು. ನಳಿಗೆಯ ಬಾಯಿಗೆ ಸುಣ್ಣದ ಕಸ ಕಟ್ಟಿಕೊಂಡಿತ್ತು. ಪಡುವಣ ಬೆಟ್ಟದ ಮೇಲೆ ಮೋಡ ಮತ್ತೆ ಕಪ್ಪಾಗುತ್ತಿತ್ತು. ಇಳಿದು ಹತ್ತುವಷ್ಟರಲ್ಲಿ ಹೊಳವೇ ಮುಗಿದುಹೋಗುವುದೆಂದು ತಂದೆಯವರ ಮುಖ ಸಣ್ಣದಾಯಿತು. ಕೊನೆಗೌಡ ಮೊಣಕಾಲುಗಳಿಂದ ಮರವನ್ನು ಬಿಗಿಹಿಡಿದು, ಒಂದು ಕೈಯಿಂದ ಮುಂಡಾಸಿನ ಮಡಿಕೆಯೊಳಗಿಂದ ಬೆರಳುದ್ದದ ತಂತಿಯೊಂದನ್ನು ಎಳೆದ. ನಳಿಗೆಯ ರಂಧ್ರಕ್ಕೆ ಎರಡು ಬಾರಿ ಚುಚ್ಚಿ, ಊದಿ, ತಂತಿಯನ್ನು ಮತ್ತೆ ಅದೇ ಮಡಿಕೆಗೆ ಸೇರಿಸಿದ. ಮಂಜು ಮತ್ತೆ ಎದ್ದಿತು. ಅಷ್ಟು ಎತ್ತರದಲ್ಲಿಯೂ ಅವನು ತಂತಿಯನ್ನು ಅದರ ಜಾಗಕ್ಕೆ ಮರಳಿಸಿದ್ದನ್ನು ನಾನು ಗಮನಿಸಿದೆ.

ಮಧ್ಯಾಹ್ನ ಜಗುಲಿಯಲ್ಲಿ ಕವಳದ ಸಂಚಿ ಬಿಚ್ಚಿದಾಗ ನಾನು ಕೇಳಿದೆ: "ಇನ್ನೊಂದು ನಳಿಗೆಯನ್ನೇ ಒಯ್ಯಬಹುದಲ್ಲ?"

"ಒಯ್ಯಬಹುದು ಮಾಸ್ತರ್ರೇ. ಆದರೆ ನಾನು ಒಯ್ದದ್ದನ್ನೆಲ್ಲ ಮರವೂ ಹೊರಬೇಕಲ್ಲ?" ಎಂದ.

ಈ ಒಂದು ಮಾತಿನಲ್ಲಿ ವಿಮಾನಶಾಸ್ತ್ರದ ಮೊದಲ ಅಧ್ಯಾಯ ಅಡಗಿದೆಯೆಂದು ನನ್ನ ಶಿಷ್ಯ ಇಂದಿಗೂ ವಾದಿಸುತ್ತಾನೆ.

ಮಾತು ಮುಂದುವರಿದಂತೆ ಜಗುಲಿಯ ಬೆಳಕು ಸ್ವಲ್ಪ ಮಂಕಾಯಿತು. ಮೂರು ವರ್ಷದ ಹಿಂದೆ ಅವನ ಜೊತೆಗಾರನೊಬ್ಬ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ. ಕೊನೆಗೌಡನ ಮಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾನೆ, ಮರ ಹತ್ತುವುದಿಲ್ಲ. "ಹತ್ತಬೇಡ ಅಂತ ನಾನೇ ಹೇಳಿದ್ದು" ಎಂದು ಅವನು ಸುಣ್ಣ ಸವರುತ್ತ ಹೇಳಿದ. ಸುತ್ತಿನ ಊರುಗಳಿಗೆಲ್ಲ ಈಗ ಅವನಂಥವರು ಬೆರಳೆಣಿಕೆಯಷ್ಟು. ಅವನ ದಿನಕ್ಕಾಗಿ ತೋಟಿಗರು ಕಾಯುತ್ತಾರೆ. ಮಳೆಯಾದರೋ ಯಾರಿಗಾಗಿಯೂ ಕಾಯದು. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ. ಕೆಲವೇ ಕಿಲೋ ತೂಕದ ಕೊಳವೆಗಳನ್ನು ಒಂದರೊಳಗಿಂದ ಒಂದು ಎಳೆದು ಅರವತ್ತು ಎಪ್ಪತ್ತು ಅಡಿಗೆ ಚಾಚಿ, ನೆಲದ ಮೇಲೆ ನಿಂತೇ ಮದ್ದು ಹೊಡೆಯಬಹುದು, ಕೊನೆಯನ್ನೂ ಕೊಯ್ಯಬಹುದು. ಶಿಷ್ಯನ ತಂದೆ ಒಂದನ್ನು ಕೊಂಡಿದ್ದಾರೆ. ಬೆಲೆ ಕೇಳಿದಾಗ ಮುಗುಳ್ನಕ್ಕು ಸುಮ್ಮನಾದರು. ಅದರ ಮೊದಲ ಪರೀಕ್ಷೆಯನ್ನು ಮಾಡಿದವನು ಇದೇ ಕೊನೆಗೌಡ. ತನ್ನ ಕಸುಬನ್ನು ಕಸಿಯುವ ಕೋಲೆಂದು ಅವನು ಅದನ್ನು ದೂರಲಿಲ್ಲ. "ಒಳ್ಳೇದಾಯಿತು. ಕುತ್ತಿಗೆ ನೋಯ್ತದೆ, ಅಷ್ಟೇ, ಕುತ್ತಿಗೆ ಮುರಿಯುವುದಿಲ್ಲ" ಎಂದ. ಆದರೆ ದಟ್ಟವಾಗಿ ಬೆಳೆದ ಹಳೆಯ ತೋಟದ ಇಳಿಜಾರಿನಲ್ಲಿ, ಗಾಳಿ ಬೀಸುವಾಗ, ಯಾವ ಕೊನೆಗೆ ಮದ್ದು ತಗುಲಿತು, ಯಾವುದಕ್ಕೆ ತಗುಲಲಿಲ್ಲ ಎಂಬುದನ್ನು ಕೆಳಗಿನಿಂದ ಹೇಳಬಲ್ಲ ಕಣ್ಣು ಕೂಡ ಸದ್ಯಕ್ಕೆ ಅವನದೇ.

ಯಲ್ಲಾಪುರದ ಹಾದಿ

ಮರುದಿನ ನಮ್ಮ ಪಯಣ ಯಲ್ಲಾಪುರದ ಕಡೆಗೆ. ಶಿಷ್ಯನ ಅಕ್ಕನನ್ನು ಕೊಟ್ಟಿರುವುದು ಆ ತಾಲ್ಲೂಕಿನ ಒಂದು ತೋಟದ ಮನೆಗೆ. ಅವರಲ್ಲಿ ಮದ್ದು ಹೊಡೆಯುವ ಜನ ಸಿಕ್ಕಿದ್ದರು, ಮೈಲುತುತ್ತವೂ ಇತ್ತು. ಪಂಪಿನೊಳಗಿನ ತೊಗಲಿನ ವಾಷರು ಸವೆದು ಒತ್ತಡವೇ ನಿಲ್ಲುತ್ತಿಲ್ಲವೆಂದು ಹಿಂದಿನ ರಾತ್ರಿ ಫೋನು ಬಂದಿತ್ತು. ಹಳೆಯ ಮಾದರಿಯ ಪಂಪು. ವಾಷರು ಅಲ್ಲಿಯ ಪೇಟೆಯಲ್ಲಿ ಸಿಕ್ಕಿರಲಿಲ್ಲ. ತಂದೆಯವರು ಮಾಡಿನ ಸಂದಿಯಲ್ಲಿಟ್ಟಿದ್ದ ತಗಡಿನ ಡಬ್ಬಿಯನ್ನು ತೆಗೆದರು. ಎಣ್ಣೆ ಸವರಿ ಕಾಗದದಲ್ಲಿ ಸುತ್ತಿದ ಎರಡು ವಾಷರುಗಳಿದ್ದುವು. ಒಂದನ್ನು ಮಗನ ಕೈಗೆ ಕೊಟ್ಟು, ಇನ್ನೊಂದನ್ನು ಒಂದು ಗಳಿಗೆ ನೋಡಿ, ಅದನ್ನೂ ಕೊಟ್ಟರು. "ಒಂದು ಹಾಕುವಾಗ ಹರಿದರೆ?" ಎಂದರು. ತಮ್ಮ ಪಂಪು ನಡುವೆ ನಿಂತರೆ ಗತಿಯೇನೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಶಿಷ್ಯ ಅವನ್ನು ತನ್ನ ಸುರುಳಿ ಸಂಚಿಯಲ್ಲಿ, ಪ್ಲಗ್ಗುಗಳ ಪಕ್ಕದ ಜೇಬಿನಲ್ಲಿ ಇಟ್ಟುಕೊಂಡ.

ಶಿರಸಿಯನ್ನು ದಾಟಿ ಯಲ್ಲಾಪುರದ ರಸ್ತೆ ಹಿಡಿದರೆ ಶಾಲ್ಮಲೆಯ ಪಾತ್ರದಲ್ಲಿ ಸಹಸ್ರಲಿಂಗ. ಸೋದೆಯ ಅರಸರ ಕಾಲದಲ್ಲಿ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳನ್ನು ನೋಡಲು ಬೇಸಗೆಯಲ್ಲಿ ಬರಬೇಕು. ಆಷಾಢದಲ್ಲಿ ಅವೆಲ್ಲ ಕೆಂಪು ನೀರಿನ ಕೆಳಗೆ. ಹೊಳೆಯ ಸದ್ದನ್ನು ಮಾತ್ರ ಕೇಳಿ ಮುಂದೆ ಹೊರಟೆವು. ಇನ್ನಷ್ಟು ದೂರ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಮರ ಬಿದ್ದಿತ್ತು. ಎರಡೂ ಕಡೆ ವಾಹನಗಳು ನಿಂತಿದ್ದುವು. ಪಟ್ಟಣದಲ್ಲಾಗಿದ್ದರೆ ಹಾರನ್ನುಗಳ ಮೇಳವೇ ನಡೆಯುತ್ತಿತ್ತು. ಇಲ್ಲಿ ಸದ್ದಿಲ್ಲದೆ ಒಬ್ಬೊಬ್ಬರೇ ಇಳಿದರು. ಜೀಪಿನ ಸೀಟಿನ ಅಡಿಯಿಂದ ಒಂದು ಕತ್ತಿ, ಸ್ಕೂಟರಿನ ಪೆಟ್ಟಿಗೆಯಿಂದ ಒಂದು ಕತ್ತಿ, ಹಾಲಿನ ವಾಹನದಿಂದ ಹಗ್ಗ, ಲಾರಿಯಿಂದ ಕೊಡಲಿ ಮತ್ತು ಕಬ್ಬಿಣದ ಹಾರೆ. ರೆಂಬೆಗಳನ್ನು ಸವರಿ, ಬೊಡ್ಡೆಗೆ ಹಗ್ಗ ಬಿಗಿದು, ಲಾರಿಯಿಂದ ಎಳೆಸಿ, ಮುಕ್ಕಾಲು ಗಂಟೆಯಲ್ಲಿ ಒಂದು ವಾಹನ ಹೋಗುವಷ್ಟು ದಾರಿ ಮಾಡಿದರು. ಯಾರೂ ಯಾರ ಹೆಸರನ್ನೂ ಕೇಳಲಿಲ್ಲ. ಇಲ್ಲಿಯವರ ವಾಹನದ ಸಂಚಿಯಲ್ಲಿ ಪಾನಾಕ್ಕಿಂತ ಮೊದಲು ಕತ್ತಿ ಇರುತ್ತದೆ; ಕೆಡುವುದು ವಾಹನ ಮಾತ್ರವಲ್ಲ, ದಾರಿಯೂ ಕೆಡುತ್ತದೆ ಎಂಬುದನ್ನು ಮಳೆ ಅವರಿಗೆ ಕಲಿಸಿದೆ.

ಈ ಪಾಠಕ್ಕೆ ತೆತ್ತ ಬೆಲೆ ಸಣ್ಣದಲ್ಲ. 2021ರ ಜುಲೈ ತಿಂಗಳ ಮಹಾಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳೇ ಕುಸಿದು ತೋಟಗಳನ್ನೂ ದಾರಿಗಳನ್ನೂ ನುಂಗಿದುವು. ಅರಬೈಲು ಘಟ್ಟದಲ್ಲಿ ಹೆದ್ದಾರಿ ಮುಚ್ಚಿತು. ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು. ಮಾಗೋಡಿನಲ್ಲಿ ಬೇಡ್ತಿಯೆಂಬ ಹೆಸರಿನಿಂದ ಧುಮುಕಿ ನೋಡುವವರನ್ನು ಮೈಮರೆಸುವ ಅದೇ ನದಿ ಕೆಳಗೆ ಗಂಗಾವಳಿಯಾಗಿ ಹೀಗೂ ಹರಿಯಬಲ್ಲುದು. ಅಂಥ ದಿನಗಳಲ್ಲಿ ಯಾವ ಸಂಚಿಯೂ ಸಾಲದು. ಮನೆಯಿಂದ ಮನೆಗೆ ಮನುಷ್ಯರೇ ನಡೆದು ಹೋಗಬೇಕು.

ಅಕ್ಕನ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. "ಬಂದ್ಯನಾ ತಮಾ!" ಎಂದು ಆಕೆ ಅಂಗಳಕ್ಕೆ ಓಡಿ ಬಂದಳು. ಭಾವ ನಮ್ಮ ಕುಶಲವನ್ನು ಕೇಳುವ ಮೊದಲು ವಾಷರನ್ನು ಕೇಳಿದರು. ಆಮೇಲೆ ತಮಗೇ ನಾಚಿಕೆಯಾಗಿ ನಕ್ಕರು. ಶಿಷ್ಯ ಚಿಮಣಿಯಷ್ಟೇ ಮಂಕಾದ ಬೆಳಕಿನಲ್ಲಿ ಪಂಪನ್ನು ಬಿಚ್ಚಿ, ಸವೆದ ತೊಗಲನ್ನು ತೆಗೆದು, ಹೊಸದನ್ನು ಕೂಡಿಸಿದ. ಮೊದಲನೆಯದು ನಿಜವಾಗಿಯೂ ಅಂಚಿನಲ್ಲಿ ಹರಿಯಿತು, ಎರಡನೆಯದು ಕುಳಿತಿತು. ಹಿಡಿಯನ್ನು ಒತ್ತಿದಾಗ ನೀರು ಮಾಡಿನ ತುದಿಯವರೆಗೂ ಚಿಮ್ಮಿತು. ಕೆಲಸ ಮುಗಿದ ಮೇಲೆ ಅವನು ಪಾನಾಗಳನ್ನು ಒಂದೊಂದಾಗಿ ಒರೆಸಿ, ಎಣಿಸಿ, ಜೇಬಿಗೆ ಸೇರಿಸಿದ. ಮರುದಿನ ಬೆಳಗ್ಗೆ ಎರಡು ಗಂಟೆಗಳ ಹೊಳವು ದೊರೆಯಿತು. ಅರ್ಧ ತೋಟಕ್ಕೆ ಮದ್ದಾಯಿತು. ಉಳಿದರ್ಧಕ್ಕೆ ಮತ್ತೆ ಆಕಾಶವನ್ನು ಕಾಯಬೇಕು.

ಸಂಚಿಯ ಲೆಕ್ಕ

ಮೂರು ತಾಲ್ಲೂಕುಗಳನ್ನು ಸುತ್ತಿ ಬಂದ ಮೇಲೆ ನನಗೆ ತೋರಿದ್ದನ್ನು ಹೇಳಿ ಮುಗಿಸುತ್ತೇನೆ. ಸಂಚಿಯಲ್ಲಿರುವ ಒಂದೊಂದು ವಸ್ತುವೂ ಎಂದೋ ನಡೆದ ಒಂದು ತೊಂದರೆಯ ನೆನಪು. ಮುಂಡಾಸಿನ ತಂತಿ ಎಂದೋ ಕೈತಪ್ಪಿದ ಹೊಳವಿನ ನೆನಪು. ಸೀಟಿನಡಿಯ ಕತ್ತಿ ಎಂದೋ ಕಾಡಿನಲ್ಲಿ ಕಳೆದ ರಾತ್ರಿಯ ನೆನಪು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಪೆಟ್ಟಿಗೆಯಲ್ಲಿ ಮೂವತ್ತಾರು ಪಾನಾಗಳಿರಬಹುದು, ಈ ನೆನಪುಗಳಿರುವುದಿಲ್ಲ. ತಾನು ಹೋಗುವ ದಾರಿಯನ್ನು ಬಲ್ಲವನೇ ತನ್ನ ಸಂಚಿಯನ್ನು ಕಟ್ಟಬಲ್ಲ.

ಎಲ್ಲವನ್ನೂ ಒಯ್ಯಲಾಗದೆಂಬುದು ಮೇಲೇರುವವನ ಮೊದಲ ಪಾಠ. ಇದ್ದ ಜಾಗದಲ್ಲಿಯೇ ಇನ್ನೊಬ್ಬನಿಗಾಗಿ ಒಂದು ಪ್ಲಗ್ಗು, ಒಂದು ವಾಷರು, ಒಂದು ಮೊಳ ಹಗ್ಗ ಇರಬೇಕೆಂಬುದು ಕೊನೆಯ ಪಾಠ. ಅದು ತೂಕದಲ್ಲಿ ಅತಿ ಸ್ವಲ್ಪ. ಕೊನೆಗೌಡನ ವಿದ್ಯೆ ಮುಂದೆ ದೋಟಿಯ ತುದಿಗೆ ಹೋಗಬಹುದು, ಹೋಗಲಿ. ಅರವತ್ತು ಅಡಿಯಿಂದ ಬೀಳುವ ಭಯವಿಲ್ಲದೆ ಮನುಷ್ಯ ಅನ್ನ ಸಂಪಾದಿಸುವಂತಾಗಲಿ. ಆದರೆ ಆ ದೋಟಿಯನ್ನು ಹಿಡಿಯುವ ಹುಡುಗ, ತೋಟಕ್ಕೆ ಇಳಿಯುವ ಮೊದಲು, ಈ ಹಿರಿಯನನ್ನು ಜಗುಲಿಯಲ್ಲಿ ಕೂರಿಸಿ, ಕವಳ ಕೊಟ್ಟು, "ಮುಂಡಾಸಿನಲ್ಲಿ ಏನೇನು ಇಟ್ಟುಕೊಳ್ಳುತ್ತಿದ್ದಿರಿ?" ಎಂದು ಒಮ್ಮೆ ಕೇಳಿ ತಿಳಿದುಕೊಂಡರೆ ಒಳ್ಳೆಯದು. ಮಳೆ ಹೊಳವಾಗುವುದು ಎರಡೇ ಗಂಟೆ. ನಳಿಗೆ ಕಟ್ಟುವುದು ಆಗಲೇ.